ತೋಳಿಗೆ ತಕ್ಕ ಬಿಲ್ಲು

ಬಿಲ್ಲೆಂದೊಡನೆ ಸ್ವಯಂವರ ಮಂಟಪವೇ ಕಣ್ಣಮುಂದೆ ಬಂದು ನಿಲ್ಲುವುದು ಈ ದೇಶದವರಿಗೆ ಸಹಜ. ಎತ್ತಲಾರದೆ ಬೆವರುವ ಅರಸರು, ಲೀಲೆಯಿಂದೆತ್ತಿ ಮುರಿಯುವ ರಾಮ. ಅಲ್ಲಿ ಬಿಲ್ಲಿನ ಭಾರವೇ ವೀರನ ಅಳತೆ. ಬಿಲ್ವಿದ್ಯೆಯನ್ನು ಕಲಿಯಲೆಂದು ಮೈದಾನಕ್ಕೆ ಕಾಲಿಡುವ ಇಂದಿನ ತರುಣನೂ ಎಷ್ಟೋ ವೇಳೆ ಈ ಅಳತೆಗೋಲನ್ನೇ ಹಿಡಿದು ಬರುತ್ತಾನೆ. ಪಕ್ಕದವನದು 40 ಪೌಂಡಿನ ಬಿಲ್ಲಾದರೆ ತನ್ನದು 45 ಆಗಬೇಕೆಂಬ ಹಂಬಲ ಅವನದು. ಆ ಹಂಬಲಕ್ಕೆ ದಂಡ ತೆರುವುದು ಮಾತ್ರ ಅವನ ಭುಜ.

1549ರಲ್ಲಿ ಇಂಗ್ಲೆಂಡಿನ ಬಾಲದೊರೆ ಆರನೆಯ ಎಡ್ವರ್ಡನ ಮುಂದೆ ಧರ್ಮೋಪದೇಶ ಮಾಡುತ್ತ ಹ್ಯೂ ಲ್ಯಾಟಿಮರನು ತನ್ನ ಬಾಲ್ಯವನ್ನು ನೆನೆದನು. ಅವನ ತಂದೆ ಒಬ್ಬ ಬೇಸಾಯಗಾರ. ಮಗನ ವಯಸ್ಸಿಗೂ ಬಲಕ್ಕೂ ಒಪ್ಪುವ ಬಿಲ್ಲನ್ನೇ ಆತ ಕೊಂಡು ಕೊಡುತ್ತಿದ್ದ. ಹುಡುಗ ಬೆಳೆದಂತೆ ಬಿಲ್ಲೂ ಬೆಳೆಯಿತು. ತೋಳಬಲವೊಂದನ್ನೇ ನಂಬದೆ ಮೈಯನ್ನೆಲ್ಲ ಬಿಲ್ಲಿಗೆ ಒಪ್ಪಿಸಿ ಸೆಳೆಯಬೇಕೆಂಬುದು ತಂದೆಯ ಪಾಠ.

ಈ ಪಾಠದ ಹಿಂದಿದ್ದ ಬಿಲ್ಲುಗಳನ್ನು ಜಗತ್ತು ಬಹುಕಾಲದ ನಂತರ ಕಣ್ಣಾರೆ ಕಂಡಿತು. 1545ರಲ್ಲಿ ಮುಳುಗಿದ ‘ಮೇರಿ ರೋಸ್’ ಎಂಬ ಯುದ್ಧನೌಕೆಯನ್ನು 1982ರಲ್ಲಿ ಕಡಲಿನಿಂದ ಮೇಲೆತ್ತಲಾಯಿತು. ಅದರಲ್ಲಿ ದೊರೆತ ಬಿಲ್ಲುಗಳ ಸೆಳೆತದ ಭಾರ 100 ಪೌಂಡಿಗೂ ಮಿಕ್ಕಿದ್ದಿತೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಅದೇ ನೌಕೆಯಲ್ಲಿ ಸಿಕ್ಕ ಕೆಲವು ಅಸ್ಥಿಪಂಜರಗಳಲ್ಲಿ ಭುಜದ ಎಲುಬಿನ ತುದಿ ಕೂಡಿಕೊಳ್ಳದೆ ಬೇರೆಯಾಗಿಯೇ ಉಳಿದಿದೆ. ಎಳವೆಯಿಂದಲೇ ಭಾರದ ಬಿಲ್ಲನ್ನು ಸೆಳೆದುದರ ಗುರುತು ಅದಾಗಿರಬಹುದೆಂದು ಊಹಿಸಲಾಗಿದೆ. ಬಿಲ್ಲು ಬಾಣವನ್ನು ಮಾತ್ರವಲ್ಲ, ಬಿಲ್ಲುಗಾರನ ಮೈಯನ್ನೂ ರೂಪಿಸುತ್ತದೆ.

ಇಂದಿನ ಪಂದ್ಯಗಳಲ್ಲಿ ಕಾಣುವ ರಿಕರ್ವ್ ಬಿಲ್ಲು ಅಷ್ಟು ಭಾರದ್ದಲ್ಲ. ಅದರ ಎರಡು ತುದಿಗಳೂ ಬಿಲ್ಲುಗಾರನಿಂದ ಆಚೆಗೆ ಬಾಗಿರುತ್ತವೆ. ಹೆದೆಯನ್ನು 28 ಅಂಗುಲದವರೆಗೆ ಸೆಳೆದಾಗ ಬೆರಳುಗಳ ಮೇಲೆ ಬೀಳುವ ಭಾರವನ್ನೇ ಬಿಲ್ಲಿನ ಮೇಲೆ ಬರೆದಿರುತ್ತಾರೆ. ಸೆಳೆತ ಒಂದಂಗುಲ ಕಡಮೆಯಾದರೆ ಸುಮಾರು 2 ಪೌಂಡು ಇಳಿಯುತ್ತದೆ. ಹೆಚ್ಚಾದರೆ ಅಷ್ಟೇ ಏರುತ್ತದೆ. ಆದುದರಿಂದ ಉದ್ದ ತೋಳಿನವನಿಗೆ 42 ಪೌಂಡಾಗುವ ಬಿಲ್ಲೇ ಗಿಡ್ಡ ತೋಳಿನವನಿಗೆ 36 ಆಗಬಹುದು. ಒಲಿಂಪಿಕ್ಸಿನ ಅರ್ಹತಾ ಸುತ್ತಿನಲ್ಲಿ 70 ಮೀಟರಿನಾಚೆಯ ಗುರಿಗೆ 72 ಬಾಣಗಳನ್ನು ಬಿಡಬೇಕು. 40 ಪೌಂಡಿನ ಬಿಲ್ಲಾದರೆ ಅವನ ಬೆನ್ನೂ ಬೆರಳುಗಳೂ ಸೆಳೆದ ಒಟ್ಟು ಭಾರ 2,880 ಪೌಂಡು. ಎಂದರೆ ಸುಮಾರು 13 ಕ್ವಿಂಟಾಲು! ಮೊದಲನೆಯ ಬಾಣವನ್ನು ಯಾರಾದರೂ ಎಳೆದಾರು. ಎಪ್ಪತ್ತೆರಡನೆಯದು ಮೊದಲನೆಯದರಂತೆಯೇ ಹೊರಡಬೇಕಲ್ಲ!

ಭಾರವೊಂದೇ ಬಿಲ್ಲಿನ ಗುಣವಲ್ಲ. ಅದರ ನಯವೂ ಮುಖ್ಯ. 28 ಅಂಗುಲಕ್ಕೆ 40 ಪೌಂಡು ತೂಗುವ ಎರಡು ಬಿಲ್ಲುಗಳಿವೆಯೆಂದುಕೊಳ್ಳೋಣ. ಮೊದಲನೆಯದು 26 ಅಂಗುಲಕ್ಕೆ 36, 27ಕ್ಕೆ 38, 28ಕ್ಕೆ 40 ಎಂದು ಸಮನಾಗಿ ಏರುತ್ತದೆ. ಎರಡನೆಯದು 33, 36, 40 ಎಂದು ಕೊನೆಯಲ್ಲಿ ನೆಗೆಯುತ್ತದೆ. ಹೆದೆಗೂ ಬಿಲ್ಲಿನ ಕೊಪ್ಪಿಗೂ ನಡುವಣ ಕೋನ ಸಮಕೋನವನ್ನು ಸಮೀಪಿಸಿದಂತೆಲ್ಲ ಈ ನೆಗೆತ ತೀವ್ರವಾಗುತ್ತದೆ. ಬಾಗಿದ ತುದಿಗಳು ಆ ಘಳಿಗೆಯನ್ನು ಮುಂದಕ್ಕೆ ತಳ್ಳುತ್ತವೆ. ಉದ್ದ ತೋಳಿನವರು ಉದ್ದವಾದ ಬಿಲ್ಲನ್ನು ಆರಿಸಿಕೊಳ್ಳುವುದಕ್ಕೆ ಇದೇ ಕಾರಣ.

ವಿಚಿತ್ರವೆಂದರೆ, ಕೊನೆಗೆ ಅಷ್ಟು ಕಾಡುವ ಎರಡನೆಯ ಬಿಲ್ಲು ಕೂಡಿಟ್ಟುಕೊಳ್ಳುವ ಶಕ್ತಿ ಮೊದಲನೆಯದಕ್ಕಿಂತ ಕಡಮೆ. ದಾರಿಯುದ್ದಕ್ಕೂ ಅದು ಹಗುರವಾಗಿಯೇ ಇದ್ದಿತಲ್ಲವೆ? ಶ್ರಮ ಹೆಚ್ಚು, ಫಲ ಕಡಮೆ.

ಈ ವ್ಯತ್ಯಾಸ ಬಯಲಾಗುವುದು ಕೊನೆಯ ಕ್ಷಣದಲ್ಲಿ. ಬಾಣದ ಮೇಲೆ ಕ್ಲಿಕ್ಕರ್ ಎಂಬ ತೆಳುವಾದ ಪಟ್ಟಿಯೊಂದು ಒರಗಿರುತ್ತದೆ. ಬಾಣದ ಮೊನೆ ಅದರಡಿಯಿಂದ ಜಾರಿದೊಡನೆ ‘ಟಿಕ್’ ಎಂಬ ಸದ್ದು. ಅದೇ ಬಾಣ ಬಿಡುವ ಸಂಜ್ಞೆ. ನಯವಾದ ಬಿಲ್ಲಿನಲ್ಲಿ ಆ ಕೂದಲೆಳೆಯಷ್ಟು ದೂರವನ್ನು ಬೆನ್ನಿನ ಸ್ನಾಯುಗಳು ಸದ್ದಿಲ್ಲದೆ ದಾಟಿಸುತ್ತವೆ. ಬಿಲ್ಲು ಒರಟಾದರೆ, ಇಲ್ಲವೇ ತೋಳಿಗೆ ಮೀರಿದ್ದಾದರೆ, ಭುಜ ಮೇಲೇರುತ್ತದೆ, ಕೈ ನಡುಗುತ್ತದೆ, ಸಂಜ್ಞೆಗೆ ಮೊದಲೇ ಹೆದೆ ಬೆರಳಿನಿಂದ ಕಿತ್ತುಕೊಂಡು ಓಡುತ್ತದೆ. ಗುರಿಯ ಚಿನ್ನದ ನಡುವಣ ಹತ್ತರ ವೃತ್ತದ ಅಗಲ ಕೇವಲ 12.2 ಸೆಂಟಿಮೀಟರು. ಇಲ್ಲಿನ ನಡುಕ ಅಲ್ಲಿ ಮೊಳದ ಅಂತರವಾದರೂ ಅಚ್ಚರಿಯಿಲ್ಲ.

ಹಾಗೆಂದು ಬಿಲ್ಲು ತೀರ ಹಗುರವಾದರೂ ಹಿತವಲ್ಲ. ಹೆದೆ ಬೆರಳಿಗೆ ಅಂಟಿಕೊಂಡು ತಡವಾಗಿ ಬಿಡುತ್ತದೆ; ಬಾಣ ಎತ್ತರಕ್ಕೇರಿ ನಿಧಾನವಾಗಿ ಸಾಗುತ್ತ ಗಾಳಿಯ ಕೈವಶವಾಗುತ್ತದೆ. ಆದರೆ ಹಗುರದಿಂದ ಭಾರಕ್ಕೆ ಏರುವವನಿಗೆ ತಿಂಗಳುಗಳ ತಾಳ್ಮೆ ಸಾಕು. ಭಾರದಿಂದ ಮೊದಲಿಟ್ಟವನು ಕೆಟ್ಟ ರೂಢಿಯನ್ನೂ ಭುಜದ ನೋವನ್ನೂ ಜೊತೆಗೂಡಿಸಿಕೊಂಡೇ ಇಳಿದು ಬರಬೇಕಾಗುತ್ತದೆ. ಸುಮಾರು 20 ಪೌಂಡಿನಿಂದ ತೊಡಗಿ, ಸೆಳೆದ ಬಿಲ್ಲು ಕೈಯಲ್ಲಿ ಅಲುಗದೆ ನಿಲ್ಲುವಂತಾದ ಮೇಲೆ ಎರಡೆರಡೇ ಪೌಂಡು ಏರಿಸುವುದು ಜಾಣತನ.

ಮಕ್ಕಳಿಗೆ ಬಿಲ್ಲು ಕೊಡಿಸುವ ತಂದೆತಾಯಿಗಳು ಮುಂದೆಯೂ ಬೆಳೆದಾನೆಂದು ದೊಡ್ಡ ಅಳತೆಯ ಅಂಗಿ ಕೊಳ್ಳುವಂತೆ ಭಾರದ ಬಿಲ್ಲನ್ನು ಕೊಳ್ಳಬಾರದು. ಅಂಗಿ ಸಡಿಲವಾದರೆ ಮಡಿಸಿ ತೊಡಬಹುದು, ಬಿಲ್ಲನ್ನು ಮಡಿಸಲಾಗುವುದಿಲ್ಲ. ಲ್ಯಾಟಿಮರನ ತಂದೆ ಪಂಡಿತನಲ್ಲ, ಬೇಸಾಯಗಾರ. ಪೈರು ತನ್ನ ಹದದಲ್ಲಿಯೇ ಬೆಳೆಯಬೇಕೆಂಬುದನ್ನು ಆತ ಬಲ್ಲವನಾಗಿದ್ದ.