ಓಡಬೇಡಿ, ಕಾಗದ ಓದಿಸಿ

ಕಳೆದ ತೊಗರಿ ರಾಶಿಯ ಹೊತ್ತಿನಲ್ಲಿ ಬೇಮಳಖೇಡದ ನಮ್ಮ ಸಂಘದ ವಾರದ ಸಭೆಗೆ ಒಬ್ಬ ಸದಸ್ಯೆ ಬರಲಿಲ್ಲ. ಉಳಿತಾಯದ ಹಣ ಪಕ್ಕದ ಮನೆಯ ಹುಡುಗನ ಕೈಲಿ ಬಂತು. ವಿಚಾರಿಸಿದರೆ, ಸೊಸೆ ವರದಕ್ಷಿಣೆ ಕಿರುಕುಳದ ದೂರು ಕೊಟ್ಟಿದ್ದಾಳೆ. ಮಗನ ಹೆಸರಿನ ಜೊತೆಗೆ ಅತ್ತೆಯ ಹೆಸರೂ ಇದೆ. ಠಾಣೆಯಿಂದ ಬಂದ ಕಾಗದವನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ಈಕೆ ಗಡಿಯಾಚೆ ಜಹೀರಾಬಾದಿನ ತಂಗಿಯ ಮನೆ ಸೇರಿದ್ದಳು.

ನಿಜ ಹೇಳುತ್ತೇನೆ, ನನಗೆ ಆಕೆಯ ಮೇಲೆ ಕನಿಕರ ಬರಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಿಂದಲೂ ನಾನು ಸೊಸೆಯಂದಿರ ಜೊತೆ ಠಾಣೆಯ ಮೆಟ್ಟಿಲು ಹತ್ತಿದವಳು. 1983ರಲ್ಲಿ ದಂಡ ಸಂಹಿತೆಗೆ 498ಎ ಕಲಮು ಸೇರಿದ್ದು ಎಷ್ಟೋ ಹೆಣ್ಣುಮಕ್ಕಳು ಸುಟ್ಟು ಸತ್ತ ಮೇಲೆ. ಬೀದಿಗಿಳಿದು ಪಡೆದ ಕಾನೂನು ಅದು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ ಮುಂದುವರಿದಿದೆ. ಅತ್ತೆಗೆ ಹಕ್ಕು ಹೇಳಿಕೊಟ್ಟರೆ ಸೊಸೆಗೆ ದ್ರೋಹವಲ್ಲವೇ ಎಂದು ಎರಡು ದಿನ ಒಳಗೇ ಕುದಿದೆ.

ಆಗ ನೆನಪಾದವಳು ಹಲವು ವರ್ಷಗಳ ಹಿಂದಿನ ಒಬ್ಬ ಸೊಸೆ. ಹೊಡೆತ ತಾಳದೆ ತವರಿಗೆ ಬಂದಿದ್ದಳು. ಅವಳು ದೂರು ಕೊಡುವ ಮೊದಲೇ ಗಂಡನ ಮನೆಯವರು 'ಬಂಗಾರ ಕದ್ದು ಓಡಿದಳು' ಎಂದು ದೂರು ಕೊಟ್ಟರು. ಬಂಗಾರ ತವರಿನವರೇ ಹಾಕಿದ್ದು! ಆ ಹುಡುಗಿಯೂ ಹೀಗೇ ಹೆದರಿ ಅಡಗಿದಳು, ಕೊನೆಗೆ ಪಂಚರ ಮುಂದೆ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿದಳು. ಆರೋಪಿಯ ಹಕ್ಕು ಗೊತ್ತಿಲ್ಲದ ಊರಿನಲ್ಲಿ ಮೊದಲು ಸೋಲುವವಳು ಅಂಥ ಸೊಸೆಯೇ.

ಜಹೀರಾಬಾದಿಗೆ ಫೋನ್ ಮಾಡಿ ಆಕೆಯನ್ನು ಕರೆಸಿದೆ. "ಕೈಗೆ ಬೇಡಿ ಹಾಕಿ ಒಯ್ತಾರ್ರಿ ಅಕ್ಕೋರೆ, ಊರಾಗ ಮಾರಿ ಹೆಂಗ ತೋರಿಸ್ಲಿ?" ಎಂದು ಅತ್ತಳು. ಕಾಗದ ಓದಿದೆ. ಅದು ಬಂಧನದ ವಾರಂಟಲ್ಲ. ಇಂಥ ದಿನ, ಇಷ್ಟು ಹೊತ್ತಿಗೆ ಹಾಜರಾಗಿ ಎಂಬ ನೋಟಿಸು. ಇನ್ನೂ ಮೂರು ದಿನವಿತ್ತು.

ಸೋದರಿಯರೇ, ಈ ನೋಟಿಸು ಏನೆಂದು ತಿಳಿಯಿರಿ. ಕಿರುಕುಳದ ಅಪರಾಧಕ್ಕೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದೂರು ಬಂದ ಮಾತ್ರಕ್ಕೆ ಬಂಧಿಸಬಾರದು, ಬಂಧನ ಏಕೆ ಬೇಕೆಂದು ಪೊಲೀಸರು ಕಾರಣ ಬರೆಯಬೇಕು ಎಂದು 2014ರ ಜುಲೈ 2ರಂದು ಸುಪ್ರೀಂ ಕೋರ್ಟು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದು ಬಿಹಾರದ ವರದಕ್ಷಿಣೆ ಪ್ರಕರಣವೇ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಂತೆ, ನೋಟಿಸಿಗೆ ಹಾಜರಾಗುತ್ತಿರುವವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಹಾಜರಾಗದಿದ್ದರೆ ಬಂಧಿಸಬಹುದು. ಅಂದರೆ ಬಂಧನಕ್ಕೆ ಹೆದರಿ ಓಡಿದವಳು ಬಂಧನದ ದಾರಿಯನ್ನೇ ಹಿಡಿದಿದ್ದಳು. ವರದಕ್ಷಿಣೆ ಸಾವಿನ ಮಾತು ಬೇರೆ. ಅದಕ್ಕೆ ಕನಿಷ್ಠ ಶಿಕ್ಷೆಯೇ ಏಳು ವರ್ಷ, ಅಲ್ಲಿ ಈ ರಕ್ಷಣೆಯನ್ನು ನಂಬಿ ಕೂರಬೇಡಿ.

'ಹೆಂಗಸರನ್ನು ಠಾಣೆಗೆ ಕರೆಯುವಂತಿಲ್ಲ' ಎಂಬ ಮಾತೂ ನಮ್ಮಲ್ಲಿ ಓಡಾಡುತ್ತದೆ. ಅದು ಅರ್ಧ ಸತ್ಯ. ಸಾಕ್ಷಿಯಾಗಿ ವಿಚಾರಿಸುವುದಾದರೆ ಹೆಣ್ಣಿರುವ ಮನೆಗೇ ಬರಬೇಕು. ಆರೋಪಿಯೆಂದು ನೋಟಿಸು ಬಂದರೆ ಹೋಗಲೇಬೇಕು.

ಬಂಧನವೇ ಆದರೂ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುನ್ನ ಹೆಣ್ಣನ್ನು ಬಂಧಿಸಬಾರದು. ತೀರಾ ಅಗತ್ಯವಿದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಮೈ ತಪಾಸಣೆ ಹೆಣ್ಣೇ ಮಾಡಬೇಕು. ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಎಂದು ಯಾರೂ ಬಲವಂತ ಮಾಡುವಂತಿಲ್ಲ. ಇದು ಸಂವಿಧಾನದ 20ನೇ ವಿಧಿಯ ಮಾತು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ರುಜು ಹಾಕಬೇಕಿಲ್ಲ. ಬ್ಯಾಂಕಿನ ಸಾಲದ ಕಾಗದವನ್ನು ಎರಡು ಸಲ ಓದಿಸಿ ಕೇಳುವ ನೀವು, ಅಲ್ಲಿ ಮಾತ್ರ ಏಕೆ ಕೇಳದೆ ಹೆಬ್ಬೆಟ್ಟು ಚಾಚುತ್ತೀರಿ?

ಆರೋಪ ಯಾರ ಬಾಗಿಲಿಗೂ ಬರಬಹುದು. 2020ರ ಜನವರಿಯಲ್ಲಿ ನಮ್ಮ ಬೀದರಿನಲ್ಲೇ ಶಾಲೆಯೊಂದರ ಮಕ್ಕಳ ನಾಟಕಕ್ಕಾಗಿ ರಾಜದ್ರೋಹದ ಮೊಕದ್ದಮೆ ಹೂಡಿ, ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ 30ರಂದು ಬಂಧಿಸಿದರು. ಬೀದರಿನ ನ್ಯಾಯಾಲಯ ಇಬ್ಬರಿಗೂ ಜಾಮೀನು ಕೊಟ್ಟದ್ದು ಫೆಬ್ರವರಿ 14ರಂದು. ಎರಡು ವಾರ ಆ ಹುಡುಗಿ ತಾಯಿಯಿಲ್ಲದೆ ಇದ್ದಳು.

ವಕೀಲರಿಗೆ ದುಡ್ಡೆಲ್ಲಿಂದ ತರಲಿ ಎಂಬುದು ಎಲ್ಲರ ಪ್ರಶ್ನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣಿಗೆ ವರಮಾನದ ಮಿತಿಯೇ ಇಲ್ಲ. ಆಸ್ತಿ ಇರಲಿ, ಇಲ್ಲದಿರಲಿ, ದೂರು ಕೊಟ್ಟಿರಲಿ, ದೂರಿಗೆ ಗುರಿಯಾಗಿರಲಿ, ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಪುಕ್ಕಟೆ ವಕೀಲರು ಸಿಗುತ್ತಾರೆ. ಫೋನ್ 15100. ಬಂಧನದ ಭಯವಿದ್ದರೆ ಮುಂಚಿತವಾಗಿಯೇ ನಿರೀಕ್ಷಣಾ ಜಾಮೀನು ಕೇಳಬಹುದು.

ನೋಟಿಸಿನ ದಿನ ನಾನೂ, ಸಮಿತಿ ಕೊಟ್ಟ ವಕೀಲೆಯೂ ಆಕೆಯ ಜೊತೆ ಹೋದೆವು. ಕೇಳಿದ್ದಕ್ಕೆ ಉತ್ತರ ಹೇಳಿದಳು. ಸಂಜೆಯೊಳಗೆ ಮನೆಗೆ ಬಂದೆವು. ಮರುದಿನ ಸೊಸೆಯ ತವರಿಗೂ ಹೋದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಜೀವನಾಂಶ, ವಾಸದ ಹಕ್ಕು ಕೇಳಲು ಅವಳಿಗೂ ಅದೇ ಸಮಿತಿಯ ದಾರಿ ತೋರಿಸಿದೆ. "ನೀವು ಅತ್ತೀ ಕಡೆ ಅಲ್ಲೇನ್ರಿ?" ಎಂದು ಕೇಳಿದಳು. ಅತ್ತೆ ಕೈ ಎತ್ತಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಅದು ಕೋರ್ಟಿನಲ್ಲಿ ತೀರ್ಮಾನವಾಗಲಿ ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೂ ಅರ್ಜಿಗೆ ಬೇಕಾದ ಕಾಗದಗಳನ್ನು ಟ್ರಂಕಿನಿಂದ ತೆಗೆದು ನನ್ನ ಮುಂದೆ ಹರವಿದಳು.