ಫಾರಿನ್ ಏರ್‌ಲೈನ್ಸ್‌ಗೆ ಬೇಕಿರೋದು ನಿಮ್ಮ ಟೈಪ್ ರೇಟಿಂಗ್ ಅಲ್ಲ

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ದಾಂಡೇಲಿಯ ಪೇಪರ್ ಮಿಲ್‌ನಲ್ಲಿ ದುಡಿದು ನಿವೃತ್ತರಾದ ಅಪ್ಪ, ಹಳಿಯಾಳದ ಹತ್ತಿರ ಮೂರು ಎಕರೆ ಜಮೀನು, ಪಿಯುಸಿ ಸೈನ್ಸ್ ಮುಗಿಸಿದ ಮಗಳು. ಅವಳಿಗೆ ಪೈಲಟ್ ಆಗುವ ಆಸೆ. ಇನ್ನೂರು ಗಂಟೆ ಹಾರಿಸಿ ಕಮರ್ಷಿಯಲ್ ಲೈಸೆನ್ಸ್, ಅಂದರೆ ಸಿಪಿಎಲ್, ಕೈಗೆ ಬರುವಷ್ಟರಲ್ಲಿ ಅರ್ಧ ಕೋಟಿಯ ಆಸುಪಾಸು ಖರ್ಚಾಗಿರುತ್ತೆ. ಅಷ್ಟಕ್ಕೇ ಮುಗಿಯಲ್ಲ. ಏರ್‌ಬಸ್ ಎ320 ಥರದ ಒಂದು ನಿರ್ದಿಷ್ಟ ವಿಮಾನ ಹಾರಿಸಲು ಟೈಪ್ ರೇಟಿಂಗ್ ಬೇಕು. ಅದಕ್ಕೆ ಮತ್ತೆ ಹತ್ತಿಪ್ಪತ್ತು ಲಕ್ಷ. ಜಮೀನು ಅಡಮಾನಕ್ಕೆ ಹೋಯ್ತು. ಇಲ್ಲಿನ ಏರ್‌ಲೈನ್ಸ್ ಕರೆಯಲಿಲ್ಲ. ಆಗ ವಾಟ್ಸ್ಆ್ಯಪ್‌ನಲ್ಲಿ ಒಬ್ಬ ಕನ್ಸಲ್ಟೆಂಟ್ ಬರ್ತಾನೆ: "ಫಾರಿನ್ ಟ್ರೈ ಮಾಡಿ ಮೇಡಂ, ಅಲ್ಲಿ ಪೈಲಟ್‌ಗಳೇ ಇಲ್ಲ."

ಈ ಕೊನೆಯ ವಾಕ್ಯದಲ್ಲಿ ಅರ್ಧ ಸತ್ಯ ಇದೆ. ಆ ಅರ್ಧವೇ ಅಪಾಯ.

ಬೆಲೆ ಗಂಟೆಗೆ, ಕಾಗದಕ್ಕಲ್ಲ

ಹೊರದೇಶಗಳಲ್ಲಿ ಕೊರತೆ ಇರೋದು ಅನುಭವಿ ಪೈಲಟ್‌ಗಳದ್ದು. ಗಲ್ಫ್‌ನ ದೊಡ್ಡ ಕಂಪನಿಗಳು ಕೇಳೋದು ಸಾವಿರಾರು ಗಂಟೆಯ ಅನುಭವ. ಅಮೆರಿಕದಲ್ಲಿ 2009ರ ಕೋಲ್ಗನ್ ಏರ್ ಅಪಘಾತದ ನಂತರ ನಿಯಮ ಬದಲಾಯ್ತು. 2013ರಿಂದ ಅಲ್ಲಿನ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಆಗೋಕೂ ಸಾಮಾನ್ಯವಾಗಿ 1,500 ಗಂಟೆ ಬೇಕು. ಯುರೋಪಿನಲ್ಲಿ ನಮ್ಮ ಡಿಜಿಸಿಎ ಲೈಸೆನ್ಸ್ ನೇರವಾಗಿ ನಡೆಯಲ್ಲ. ಅಲ್ಲಿನ 13 ಥಿಯರಿ ಪರೀಕ್ಷೆ, ಮೆಡಿಕಲ್, ಹಾರಾಟ ಪರೀಕ್ಷೆ ಎಲ್ಲವನ್ನೂ ಹೊಸದಾಗಿ ಮುಗಿಸಬೇಕು. ಅದಾದ ಮೇಲೂ ಜಾಹೀರಾತಿನ ಕೊನೆಯಲ್ಲಿ ಒಂದು ಸಾಲು ಇರುತ್ತೆ: ಇಲ್ಲಿ ಕೆಲಸ ಮಾಡುವ ಹಕ್ಕು ಈಗಾಗಲೇ ನಿಮಗಿರಬೇಕು.

ಹಾಗಾದರೆ ಹೊಸಬರಿಗೆ ಎಲ್ಲೂ ಬಾಗಿಲಿಲ್ಲವಾ? ಇದೆ, ಸಣ್ಣದು. ಬೋಟ್ಸ್ವಾನಾದ ಮೌನ್ ಥರದ ಊರುಗಳಲ್ಲಿ ಪ್ರವಾಸಿಗರನ್ನು ಕಾಡಿನ ಕ್ಯಾಂಪುಗಳಿಗೆ ಸಾಗಿಸುವ ಸೆಸ್ನಾ ವಿಮಾನಗಳಲ್ಲಿ ಕಡಿಮೆ ಗಂಟೆಯ ಪೈಲಟ್‌ಗಳು ಕೆಲಸ ಶುರು ಮಾಡ್ತಾರೆ. ಆದರೆ ಅಲ್ಲೂ ಮೊದಲ ಆದ್ಯತೆ ಸ್ಥಳೀಯರಿಗೆ, ಆಮೇಲೆ ವರ್ಕ್ ಪರ್ಮಿಟ್. ದೊಡ್ಡ ವಿಪರ್ಯಾಸ ಬೇರೆ ಇದೆ: ಆ ಕೆಲಸಕ್ಕೆ ನಿಮ್ಮ ದುಬಾರಿ ಎ320 ರೇಟಿಂಗ್‌ನಿಂದ ಏನೂ ಪ್ರಯೋಜನವಿಲ್ಲ. ಸಣ್ಣ ವಿಮಾನದಲ್ಲಿ ಕೈ ಪಳಗಿರಬೇಕು, ಅಷ್ಟೇ.

ಇನ್ನೊಂದು ಸಂಗತಿ. ಟೈಪ್ ರೇಟಿಂಗ್ ಎಂಜಿನಿಯರಿಂಗ್ ಡಿಗ್ರಿ ಥರ ಅಲ್ಲ. ನನ್ನ ಡಿಗ್ರಿ ಹತ್ತು ವರ್ಷದಿಂದ ಕಪಾಟಿನಲ್ಲಿದೆ, ಕೆಟ್ಟಿಲ್ಲ. ಟೈಪ್ ರೇಟಿಂಗ್ ಕೆಡುತ್ತೆ. ಹಾರಿಸದೆ ಕೂತರೆ ಮತ್ತೆ ಸಿಮ್ಯುಲೇಟರ್, ಮತ್ತೆ ಚೆಕ್, ಮತ್ತೆ ದುಡ್ಡು.

ಈ ಆತಂಕವನ್ನೇ ಬಂಡವಾಳ ಮಾಡಿಕೊಂಡಿದ್ದು 'ಪೇ-ಟು-ಫ್ಲೈ'. ನೀವೇ ಲಕ್ಷಾಂತರ ಕಟ್ಟಿ, ಯಾವುದೋ ದೇಶದ ಏರ್‌ಲೈನ್‌ನಲ್ಲಿ ಕೆಲವು ನೂರು ಗಂಟೆ ಕೋ-ಪೈಲಟ್ ಆಗಿ ಹಾರಿಸೋದು. ಸಂಬಳ ಕೊಡಬೇಕಾದವರೇ ಫೀಸು ತಗೊಳ್ತಾರೆ. ಗಂಟೆ ಸಿಗುತ್ತೆ, ಕೆಲಸದ ಖಾತ್ರಿ ಸಿಗಲ್ಲ.

ಸರ್ಕಾರದ ಚಿಂತೆ ಯಾರ ಬಗ್ಗೆ?

ಮುಂದಿನ 15-20 ವರ್ಷಕ್ಕೆ ದೇಶಕ್ಕೆ 30,000 ಪೈಲಟ್‌ಗಳು ಬೇಕು ಅಂತ ವಿಮಾನಯಾನ ಸಚಿವ ಕೆ. ರಾಮಮೋಹನ ನಾಯ್ಡು ಹೇಳಿದ್ದಾರೆ. 2023ರಲ್ಲಿ ಡಿಜಿಸಿಎ ಕೊಟ್ಟ ಸಿಪಿಎಲ್ 1,622. ಹಿಂದಿನ ವರ್ಷ 1,165 ಇತ್ತು. ಅದೇ 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಫ್ಲೈಯಿಂಗ್ ಸ್ಕೂಲುಗಳ ಬ್ರೋಷರ್‌ಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಆರ್ಡರ್ ಆದ ವಿಮಾನ ಬರೋದು ವರ್ಷಗಳ ಲೆಕ್ಕದಲ್ಲಿ, ಸಾಲದ ಕಂತು ಬರೋದು ತಿಂಗಳ ಲೆಕ್ಕದಲ್ಲಿ. ಜೊತೆಗೆ ಏರ್‌ಲೈನ್ಸ್ ತಮ್ಮದೇ ಕೆಡೆಟ್ ಯೋಜನೆಯವರನ್ನು ಮೊದಲು ತಗೊಳ್ತವೆ. ಸ್ವಂತ ಖರ್ಚಿನಲ್ಲಿ ರೇಟಿಂಗ್ ಮಾಡಿಕೊಂಡವರು ಸಾಲಿನ ಹಿಂದೆ. 2025ರ ಡಿಸೆಂಬರ್‌ನಲ್ಲಿ ಹೊಸ ವಿಶ್ರಾಂತಿ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಇಂಡಿಗೊದ ಸಾವಿರಾರು ವಿಮಾನಗಳು ರದ್ದಾದವು. ಆಗಲೂ ಮನೆಯಲ್ಲಿ ಕೂತಿದ್ದ ಹೊಸಬರನ್ನು ಮರುದಿನವೇ ಕಾಕ್‌ಪಿಟ್‌ಗೆ ಕೂರಿಸೋಕಾಗಲಿಲ್ಲ. ಅವರಿಗೆ ಇನ್ನೂ ಲೈನ್ ಟ್ರೇನಿಂಗ್ ಆಗಬೇಕು, ಅದಕ್ಕೆ ತರಬೇತಿ ಕೊಡುವ ಕ್ಯಾಪ್ಟನ್‌ಗಳು ಬೇಕು.

ಅದೇ ವರ್ಷ ಭಾರತ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮುಂದೆ ಒಂದು ದೂರು ಇಟ್ಟಿತು: ವಿದೇಶಿ ಕಂಪನಿಗಳು ನಮ್ಮ ನುರಿತ ಸಿಬ್ಬಂದಿಯನ್ನು ಸೆಳೀತಿವೆ, ಇದಕ್ಕೊಂದು ನೀತಿಸಂಹಿತೆ ಬೇಕು. 2017ರಲ್ಲೇ ಡಿಜಿಸಿಎ ಕ್ಯಾಪ್ಟನ್‌ಗಳಿಗೆ ಒಂದು ವರ್ಷ, ಕೋ-ಪೈಲಟ್‌ಗಳಿಗೆ ಆರು ತಿಂಗಳ ನೋಟಿಸ್ ಪೀರಿಯಡ್ ಹಾಕಿದೆ. ಹೋಗುವವರನ್ನು ಹಿಡಿದಿಡಲು ಇಷ್ಟೆಲ್ಲ ಇದೆ. ಒಳಗೇ ಬರಲಾಗದವರಿಗೆ ಏನಿದೆ?

ಅಡಮಾನಕ್ಕೆ ಪಟ್ಟಾ, ಹೊರಡಲು ಪಾಸ್‌ಪೋರ್ಟ್

ಬೆಳಗಾವಿ, ಕಲಬುರಗಿಯಲ್ಲಿ ಫ್ಲೈಯಿಂಗ್ ಸ್ಕೂಲುಗಳಿಗೆ 2021ರಲ್ಲಿ ಏರ್‌ಪೋರ್ಟ್ ಅಥಾರಿಟಿ ಜಾಗ ಕೊಟ್ಟಿತು. ದಾಂಡೇಲಿ-ಹಳಿಯಾಳದವರಿಗೆ ಬೆಳಗಾವಿ ದೂರವೇನಲ್ಲ. ದೂರ ಇರೋದು ದುಡ್ಡು. ಶಿಕ್ಷಣ ಸಾಲಕ್ಕೆ ಕೇಂದ್ರದ ಗ್ಯಾರಂಟಿ ಇರೋದು 7.5 ಲಕ್ಷದ ತನಕ, ಅದಕ್ಕಿಂತ ಮೇಲೆ ಬ್ಯಾಂಕು ಅಡಮಾನ ಕೇಳುತ್ತೆ. ಜೊಯಿಡಾದಲ್ಲಿ ಬಹುಪಾಲು ನೆಲ ಕಾಡು. ತಲೆಮಾರುಗಳಿಂದ ಉಳುತ್ತಿದ್ದರೂ ಅತಿಕ್ರಮಣದ ಜಮೀನಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದವರಿಗೆ ಎಷ್ಟು ಬುದ್ಧಿವಂತ ಮಗಳಿದ್ದರೂ ಸಾಲ ಹುಟ್ಟಲ್ಲ.

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಗೋಡೆ ಬೇರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದ ಭಾರತೀಯರು, 2017ರಿಂದ ಅವರಿಗೆ ಪಾಸ್‌ಪೋರ್ಟ್ ಸಿಗ್ತಿದೆ. ಆದರೆ ಈಗ ಇಪ್ಪತ್ತರ ಆಸುಪಾಸಿನಲ್ಲಿರುವ ಬಹುತೇಕರ ಕೈಯಲ್ಲಿರೋದು ಐಡೆಂಟಿಟಿ ಸರ್ಟಿಫಿಕೇಟ್. ಅದನ್ನು ಹಿಡಿದು ಗಡಿ ದಾಟುವ ಕೆಲಸಕ್ಕೆ ಅರ್ಜಿ ಹಾಕೋದೇ ಒಂದು ಹೋರಾಟ.

ಕೇಳಬೇಕಾದ್ದು

ಮೊದಲನೆಯದು, ಲೆಕ್ಕ. ಎಷ್ಟು ಲೈಸೆನ್ಸ್ ಕೊಟ್ಟಿದ್ದೇವೆ ಅನ್ನೋದರ ಜೊತೆಗೆ ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿದೆ ಅಂತಲೂ ಡಿಜಿಸಿಎ ಪ್ರತಿ ವರ್ಷ ಹೇಳಲಿ. ಸ್ಕೂಲುಗಳು ಅದನ್ನು ಬ್ರೋಷರ್‌ನಲ್ಲಿ ಹಾಕಲಿ. ಎರಡನೆಯದು, ಟೈಪ್ ರೇಟಿಂಗ್ ಖರ್ಚನ್ನು ಕೆಲಸ ಕೊಡುವ ಕಂಪನಿಯೇ ಹೊರಲಿ. ಬೇಕಾದರೆ ಬಾಂಡ್ ಬರೆಸಿಕೊಳ್ಳಲಿ. ಆಗ ನಷ್ಟದ ಭಾರ ಮೂರು ಎಕರೆ ಜಮೀನಿನ ಮೇಲೆ ಬೀಳಲ್ಲ.

ಮೂರನೆಯದು ಈಗಲೇ ಬಳಸಬಹುದಾದ ಕಾನೂನು. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ವಿದೇಶಿ ಕೆಲಸ ಕೊಡಿಸುವ ಏಜೆಂಟ್ ನೋಂದಣಿ ಮಾಡಿಸಿರಬೇಕು. ಅವನು ಪಡೆಯಬಹುದಾದ ಸೇವಾ ಶುಲ್ಕ, ಜಿಎಸ್‌ಟಿ ಬಿಟ್ಟು, ಗರಿಷ್ಠ 30,000 ರೂಪಾಯಿ. ವಾಟ್ಸ್ಆ್ಯಪ್‌ನಲ್ಲಿ ಬಂದವನ ಹೆಸರನ್ನು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ. ಇಲ್ಲ ಅಂದ್ರೆ ಮಾತು ಅಲ್ಲಿಗೇ ನಿಲ್ಲಿಸಿ.

ಸಿಪಿಎಲ್ ಆಗಿ, ಟೈಪ್ ರೇಟಿಂಗ್‌ಗೆ ದುಡ್ಡು ಕಟ್ಟುವ ಯೋಚನೆಯಲ್ಲಿ ಇರುವವರಿಗೆ ಒಂದೇ ಮಾತು: ಯಾರಾದರೂ ಕೆಲಸದ ಆಫರ್ ಕೈಗೆ ಕೊಡುವ ತನಕ ಕಟ್ಟಬೇಡಿ. ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿ, ಸಣ್ಣ ವಿಮಾನದಲ್ಲಿ ಗಂಟೆ ಕೂಡಿಸಿ. ನಿಧಾನದ ದಾರಿ, ನಿಜ. ಆದರೆ ಹೊರದೇಶದವರು ಕೇಳುವ ಮೊದಲ ಪ್ರಶ್ನೆಗೆ ಹೇಳೋಕೆ ನಿಮ್ಮ ಹತ್ತಿರ ಒಂದು ಉತ್ತರ ಇರುತ್ತೆ.