ಕಾಲುವೆಯ ಕೊನೆ ಭಾಗಕ್ಕೂ ನೀರು ಮುಟ್ಟಬೇಕು

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ತ್ರಿವರ್ಣ ಧ್ವಜ ಏರುತ್ತದೆ. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯಲ್ಪಡುತ್ತಿದ್ದ ಈ ದಿನವು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನವಾಗಿದೆ. ಅಂದು ವೇದಿಕೆಗಳ ಮೇಲೆ ಒಂದು ಇತಿಹಾಸ ಕೇಳಿಬರುತ್ತದೆ. ಅದರ ಪ್ರಕಾರ ನಿಜಾಮರ ಕಾಲವೆಂದರೆ ಬರೀ ಕತ್ತಲೆ, ಮುಸ್ಲಿಮರೆಂದರೆ ಆ ಕತ್ತಲೆಯ ವಾರಸುದಾರರು. ಅದೇ ದಿನ ನಮ್ಮ ಮೊಹಲ್ಲಾಗಳ ಚಹಾದಂಗಡಿಗಳಲ್ಲಿ ಇನ್ನೊಂದು ಇತಿಹಾಸ ಪಿಸುಗುಡುತ್ತದೆ. ಆಗ ನಮ್ಮ ಕಾಲವಿತ್ತು, ನಾವು ಆಳಿದವರು ಎಂಬ ನಿಟ್ಟುಸಿರು ಅದು. ಮೊದಲನೆಯದು ದ್ವೇಷಕ್ಕೆ ಬಳಕೆಯಾಗುತ್ತಿದೆ, ಎರಡನೆಯದು ಆಲಸ್ಯಕ್ಕೆ. ಆದ್ದರಿಂದ ಇಪ್ಪತ್ತನೆಯ ಶತಮಾನದ ಆರಂಭದ ಆ ರಾಜ್ಯದಲ್ಲಿ ನಿಜವಾಗಿ ಏನಾಯಿತು, ಅದರ ಸಂಪತ್ತು ಯಾರ ಮನೆ ಸೇರಿತು ಎಂಬುದನ್ನು ಶಾಂತವಾಗಿ ಪರಿಶೀಲಿಸಬೇಕಾದ ಅಗತ್ಯವಿದೆ.

ಆ ಕಾಲದ ಹೈದರಾಬಾದ್ ರಾಜ್ಯ ಏಳಿಗೆ ಕಂಡಿತ್ತೆಂಬುದರಲ್ಲಿ ಅನುಮಾನವಿಲ್ಲ. 1908ರಲ್ಲಿ ಮೂಸಿ ನದಿಯ ಪ್ರವಾಹವು ರಾಜಧಾನಿಯನ್ನು ಕೊಚ್ಚಿಹಾಕಿದಾಗ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಳ್ಳಲಾಯಿತು. ಆ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. 1911ರಲ್ಲಿ ಪಟ್ಟವೇರಿದ ಮೀರ್ ಉಸ್ಮಾನ್ ಅಲಿ ಖಾನರ ಅವಧಿಯಲ್ಲಿ, 1918ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯ ಬಾಗಿಲು ತೆರೆಯಿತು. ಉನ್ನತ ಶಿಕ್ಷಣವನ್ನು ಇಂಗ್ಲಿಷಿನ ಬದಲು ಉರ್ದುವಿನಲ್ಲಿ ನೀಡಿದ ಆ ಪ್ರಯೋಗವನ್ನು ಇಡೀ ಭಾರತ ಕುತೂಹಲದಿಂದ ನೋಡಿತು. ರಾಜ್ಯಕ್ಕೆ ತನ್ನದೇ ನಾಣ್ಯವಿತ್ತು, ತನ್ನದೇ ನೋಟು ಇತ್ತು. 1929ರಲ್ಲಿ ಕೈಗಾರಿಕೆಗಳಿಗೆ ಬಂಡವಾಳ ಒದಗಿಸಲು ಪ್ರತ್ಯೇಕ ನಿಧಿ ಸ್ಥಾಪನೆಯಾಯಿತು. 1930ರಲ್ಲಿ ಸರಕಾರವು ರೈಲ್ವೆಯನ್ನು ಕಂಪೆನಿಯ ಕೈಯಿಂದ ಕೊಂಡುಕೊಂಡಿತು. 1931ರಲ್ಲಿ ಮಂಜೀರಾ ನದಿಗೆ ನಿಜಾಮ್ ಸಾಗರ ಅಣೆಕಟ್ಟು ಪೂರ್ಣಗೊಂಡಿತು. ಶಹಾಬಾದಿನಲ್ಲಿ ಸಿಮೆಂಟು, ಕಲಬುರಗಿಯಲ್ಲಿ ಬಟ್ಟೆ ಗಿರಣಿ, ಹಟ್ಟಿಯಲ್ಲಿ ಚಿನ್ನದ ಗಣಿ ಎಲ್ಲವೂ ಇದ್ದವು. ಆಲಿಗಡಕ್ಕೂ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೂ ನಿಜಾಮರ ದೇಣಿಗೆ ಹೋಯಿತು. 1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ನಿಜಾಮರನ್ನು ಜಗತ್ತಿನ ಅತ್ಯಂತ ಶ್ರೀಮಂತ ವ್ಯಕ್ತಿ ಎಂದು ಮುಖಪುಟದಲ್ಲಿ ಪ್ರಕಟಿಸಿತು.

ಆದರೆ ಜಗತ್ತಿನ ಅತ್ಯಂತ ಶ್ರೀಮಂತನ ರಾಜ್ಯದಲ್ಲಿ ಪ್ರಜೆಗಳು ಹೇಗಿದ್ದರು?

ಕೊಪ್ಪಳ ಮತ್ತು ಯಲಬುರ್ಗಾ ಆಗ ಸಾಲಾರ್‌ಜಂಗ್ ಮನೆತನದ ಜಹಗೀರುಗಳಾಗಿದ್ದವು. ಕುಷ್ಟಗಿ ಮತ್ತು ಗಂಗಾವತಿ ರಾಯಚೂರು ಜಿಲ್ಲೆಯ ತಾಲೂಕುಗಳಾಗಿದ್ದವು. ಇಲ್ಲಿನ ಎರೆಹೊಲದಲ್ಲಿ ಜೋಳ, ಹತ್ತಿ ಬೆಳೆದವನು ತೆತ್ತ ಕಂದಾಯ ರಾಜಧಾನಿಯ ದೇವಡಿಗಳಿಗೆ ಹೋಯಿತು. ಮೂರನೆಯ ಸಾಲಾರ್‌ಜಂಗ್ ಮೀರ್ ಯೂಸುಫ್ ಅಲಿ ಖಾನ್ ಕಲಾಭಿಮಾನಿಯಾಗಿದ್ದರು. ದೇಶ ವಿದೇಶಗಳಿಂದ ಅವರು ಸಂಗ್ರಹಿಸಿದ ವಿಗ್ರಹಗಳು, ಗಡಿಯಾರಗಳು, ಹಸ್ತಪ್ರತಿಗಳು 1951ರಲ್ಲಿ ತೆರೆದ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಜನರನ್ನು ಬೆರಗುಗೊಳಿಸುತ್ತಿವೆ. ನಮ್ಮ ಊರುಗಳಿಂದ ಹೈದರಾಬಾದಿಗೆ ಹೋದವರು ಆ ಸಂಗೀತದ ಗಡಿಯಾರದ ಮುಂದೆ ನಿಂತು ಗಂಟೆ ಬಾರಿಸುವುದನ್ನು ಕಾದು ನೋಡಿ ಬರುತ್ತಾರೆ. ಆ ಮನೆತನದ ಸಿರಿಯಲ್ಲಿ ಕೊಪ್ಪಳ ಯಲಬುರ್ಗಾದ ರೈತನ ಬೆವರೂ ಇತ್ತು ಎಂಬುದು ಎಷ್ಟು ಮಂದಿಗೆ ನೆನಪಾಗುತ್ತದೆ?

1951ರ ಜನಗಣತಿಯ ವೇಳೆಗೆ, ಅಂದರೆ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆರಂಭವಾಗಿ ಮೂರು ದಶಕ ದಾಟಿದ ಬಳಿಕವೂ, ಹೈದರಾಬಾದ್ ರಾಜ್ಯದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ವಿಶ್ವವಿದ್ಯಾನಿಲಯದ ಗುಮ್ಮಟ ಎದ್ದು ನಿಂತಿತ್ತು, ಆದರೆ ಹಳ್ಳಿಯ ಶಾಲೆಗೆ ಗೋಡೆ ಇರಲಿಲ್ಲ. ಉರ್ದು ಆಡಳಿತದ ಭಾಷೆಯಾದದ್ದರಿಂದ ಕನ್ನಡ ಮಾತಾಡುವ ರೈತನ ಮಗನಿಗೆ ಕಚೇರಿಯ ಬಾಗಿಲು ಮುಚ್ಚಿತ್ತು. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, ಯಲಬುರ್ಗಾ ಸೀಮೆಯ ಕುಕನೂರಿನ ವಿದ್ಯಾನಂದ ಗುರುಕುಲ ಮುಂತಾದವುಗಳನ್ನು ಜನರೇ ಕಟ್ಟಿಕೊಳ್ಳಬೇಕಾಯಿತು. ಬಿಟ್ಟಿ ದುಡಿಮೆಯ ವಿರುದ್ಧ ಫರ್ಮಾನುಗಳು ಹೊರಟವು, 1936ರಲ್ಲಿ ಜೀತದ ಕರಾರುಗಳಿಗೆ ಕಡಿವಾಣ ಹಾಕುವ ಕಾನೂನೂ ಬಂತು. ಆದರೆ ಕಾನೂನು ಜಾರಿಗೊಳಿಸಬೇಕಾದ ಗೌಡ, ಕುಲಕರ್ಣಿ, ಜಹಗೀರುದಾರರೇ ಬಿಟ್ಟಿಯ ಫಲಾನುಭವಿಗಳಾಗಿದ್ದರು.

ಇನ್ನು ಆಳಿದವರೆನಿಸಿಕೊಂಡ ಮುಸ್ಲಿಮರ ಸ್ಥಿತಿ? ದೇವಡಿಗಳಲ್ಲಿದ್ದವರು ಬೆರಳೆಣಿಕೆಯ ಮನೆತನಗಳು. ನಮ್ಮ ನಾಲ್ಕು ತಾಲೂಕುಗಳ ಮುಸ್ಲಿಮರು ಹತ್ತಿ ಹಿಂಜುವ ಪಿಂಜಾರರಾಗಿದ್ದರು, ಕುದುರೆಗೆ ಲಾಳ ಕಟ್ಟುವವರಾಗಿದ್ದರು, ಕಸಾಯಿಗಳಾಗಿದ್ದರು, ಜಟಕಾ ಓಡಿಸುವವರಾಗಿದ್ದರು. ಕೆಲವರಿಗೆ ಪೊಲೀಸು, ಕಂದಾಯ ಇಲಾಖೆಗಳಲ್ಲಿ ಜವಾನಿಕೆ ಸಿಕ್ಕಿತ್ತು. ದೊರೆ ನಮ್ಮವನೆಂಬ ಹೆಮ್ಮೆಯನ್ನು ಬಿಟ್ಟರೆ ಅವರ ಪಾಲಿಗೆ ಬಂದದ್ದು ಅತ್ಯಲ್ಪ. ಆ ಹೆಮ್ಮೆಯ ಬೆಲೆಯನ್ನು ಮಾತ್ರ ಅವರು 1948ರಲ್ಲಿ ಪೂರ್ತಿಯಾಗಿ ತೆತ್ತರು. ರಝಾಕಾರರು ಹಳ್ಳಿಗಳಲ್ಲಿ ನಡೆಸಿದ ಹಿಂಸೆ ಅಕ್ಷಮ್ಯವಾಗಿತ್ತು, ಅದನ್ನು ಸಮರ್ಥಿಸುವವನು ಇಸ್ಲಾಮಿಗೂ ನ್ಯಾಯಕ್ಕೂ ದ್ರೋಹ ಬಗೆಯುತ್ತಾನೆ. ಆದರೆ ಸೆಪ್ಟೆಂಬರ್ 13ರಿಂದ 17ರ ವರೆಗಿನ ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಆ ಬಳಿಕ ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್‌ಗಳಲ್ಲಿ ಕೊಲ್ಲಲ್ಪಟ್ಟವರಲ್ಲಿ ಹೆಚ್ಚಿನವರು ರಝಾಕಾರರಾಗಿರಲಿಲ್ಲ. ರಾಜ್ಯದಲ್ಲಿ ಹತರಾದವರ ಸಂಖ್ಯೆ 27 ಸಾವಿರದಿಂದ 40 ಸಾವಿರ ಎಂದು ನೆಹರೂ ಕಳುಹಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಅಂದಾಜಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. 1949ರ ಆಗಸ್ಟ್ 15ರಂದು ಜಹಗೀರು ರದ್ದಾದಾಗ ಜಹಗೀರುದಾರರಿಗೆ ಪರಿಹಾರದ ಹಣವಾದರೂ ಸಿಕ್ಕಿತು. ನೌಕರಿ ಕಳಕೊಂಡ ಜವಾನನಿಗೆ, ಗಂಡನನ್ನು ಕಳಕೊಂಡ ಪಿಂಜಾರ ವಿಧವೆಗೆ ಯಾವ ಪರಿಹಾರ ಸಿಕ್ಕಿತು? ಸುಖದಲ್ಲಿ ಪಾಲು ಸಿಗದವರು ಶಿಕ್ಷೆಯಲ್ಲಿ ಪಾಲುದಾರರಾದರು.

ಇದು ಹಳೆಯ ಕತೆ ಎಂದು ಬದಿಗಿಡುವಂತಿಲ್ಲ. ಏಕೆಂದರೆ ನಮ್ಮ ನೆಲದಲ್ಲಿ ಎರಡನೆಯ ಸಮೃದ್ಧಿಯೂ ಬಂತು. ನಿಜಾಮ್ ಸಾಗರ ಕಟ್ಟಿದ ಇಂಜಿನಿಯರ್ ಅಲಿ ನವಾಝ್ ಜಂಗ್ ಅವರು ತುಂಗಭದ್ರಾ ಯೋಜನೆಗಾಗಿಯೂ ದುಡಿದರು. 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. 1953ರಲ್ಲಿ ಮುನಿರಾಬಾದಿನಿಂದ ಎಡದಂಡೆ ನಾಲೆಗೆ ನೀರು ಹರಿಯಿತು. ಶತಮಾನಗಳಿಂದ ಬರ ಉಂಡ ಸೀಮೆಗೆ ಅದು ಹೊಸ ಜನ್ಮವಾಗಿತ್ತು. ಗಂಗಾವತಿ ಭತ್ತದ ಕಣಜವೆನಿಸಿತು. ಕಾರಟಗಿ, ಸಿದ್ದಾಪುರ, ಶ್ರೀರಾಮನಗರಗಳ ದಾರಿಯುದ್ದಕ್ಕೂ ಅಕ್ಕಿ ಗಿರಣಿಗಳು ಎದ್ದವು. ಸೋನಾ ಮಸೂರಿ ಅಕ್ಕಿ ದೂರದ ಮಾರುಕಟ್ಟೆಗಳಿಗೆ ಹೊರಟಿತು.

ಆದರೆ ಈ ಸಮೃದ್ಧಿಯ ಲೆಕ್ಕದಲ್ಲೂ ಅದೇ ಹಳೆಯ ತಪ್ಪು ಇಣುಕುತ್ತದೆ. ಭತ್ತದ ಬೇಸಾಯ ತಿಳಿಯದ, ಕೈಯಲ್ಲಿ ಬಂಡವಾಳವಿಲ್ಲದ ಸ್ಥಳೀಯ ರೈತರು ಅನೇಕರು ನೀರು ಬಂದ ಭೂಮಿಯನ್ನೇ ಅಗ್ಗದ ಬೆಲೆಗೆ ಮಾರಿದರು. ಕರಾವಳಿ ಆಂಧ್ರದಿಂದ ಬಂದವರು ಕೊಂಡುಕೊಂಡು ಕ್ಯಾಂಪುಗಳನ್ನು ಕಟ್ಟಿ ಬೆವರು ಸುರಿಸಿ ಬೆಳೆದರು. ಅವರನ್ನು ದೂರುವಂತಿಲ್ಲ. ನೀರಿನ ಜೊತೆ ವಿದ್ಯೆ ಮತ್ತು ಸಾಲ ತಲುಪದಿದ್ದರೆ ಬಡವನಿಗೆ ನೀರೂ ದಕ್ಕುವುದಿಲ್ಲ ಎಂಬ ಪಾಠವನ್ನು ಕಲಿಯಬೇಕು. ಅಲ್ಲದೆ ಈ ಯೋಜನೆ ರೂಪುಗೊಂಡದ್ದು ಕಡಿಮೆ ನೀರಿನ ಬೆಳೆಗಳಿಗಾಗಿ, ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಹಂಚುವುದಕ್ಕಾಗಿ. ಕಾಲುವೆಯ ಮೇಲ್ಭಾಗದಲ್ಲಿದ್ದವರು ವರ್ಷಕ್ಕೆರಡು ಬಾರಿ ಭತ್ತ ನಾಟಿ ಮಾಡಿದರು. ರಾಯಚೂರು ಕಡೆಯ ಕೊನೆ ಭಾಗದ ರೈತ ಒಣಗಿದ ಕಾಲುವೆಯ ದಂಡೆಯ ಮೇಲೆ ಧರಣಿ ಕೂತ. ಮೇಲೆ ಕುಡಿದವನಿಗೆ ಕೆಳಗಿನವನ ದಾಹ ಕಾಣುವುದಿಲ್ಲ.

ಸಂಪತ್ತು ಮನುಷ್ಯನ ಮನಸ್ಸನ್ನು ತಾನಾಗಿಯೇ ತಿದ್ದುವುದೂ ಇಲ್ಲ. 2014ರ ಆಗಸ್ಟಿನಲ್ಲಿ ಇದೇ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅದೇ ಊರಿನ ಕ್ಷೌರದಂಗಡಿ, ಹೊಟೇಲುಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಹತ್ತು ವರ್ಷಗಳ ಬಳಿಕ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಪ್ರಕರಣ ಹೈಕೋರ್ಟಿನ ಮೆಟ್ಟಲೇರಿತು. ಭತ್ತದ ಕಣಜದ ನಡುವೆ ಅಸ್ಪೃಶ್ಯತೆ ಬೆಚ್ಚಗೆ ಕೂತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಲುವೆಯಿಂದಾಚೆಗಿನ ಕುಷ್ಟಗಿ, ಯಲಬುರ್ಗಾಗಳ ಕತೆ ಇನ್ನೂ ಬೇರೆ. 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಇವೆರಡನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಇಟ್ಟಿತು. ಅಲ್ಲಿ ದಾಳಿಂಬೆ ಕೆಲ ವರ್ಷ ರೈತನ ಕೈಗೆ ಕಾಸು ತಂದಿತು, ಬಳಿಕ ದುಂಡಾಣು ಅಂಗಮಾರಿ ರೋಗ ತೋಟಗಳನ್ನೇ ಕಿತ್ತುಹಾಕಿಸಿತು. ಮಂಗಳೂರು, ಗೋವಾ, ಬೆಂಗಳೂರಿನ ಬಹುಮಹಡಿ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುವವರಲ್ಲಿ ಅಲ್ಲಿಂದ ಗುಳೆ ಹೋದವರಿದ್ದಾರೆ. ಹಿಂದೂ ಮುಸ್ಲಿಮ್ ಎಂಬ ಭೇದ ಹಸಿವಿಗೆ ಗೊತ್ತಿಲ್ಲ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಕಳೆದ ಎರಡು ಮೂರು ದಶಕಗಳಲ್ಲಿ ಈ ನಾಲ್ಕು ಪಟ್ಟಣಗಳ ಮುಸ್ಲಿಮ್ ಕುಟುಂಬಗಳಲ್ಲೂ ಹಣ ಕಂಡವರಿದ್ದಾರೆ. ಅಕ್ಕಿ ವ್ಯಾಪಾರ, ಲಾರಿ, ಹಣ್ಣಿನ ಮಂಡಿ, ಗ್ಯಾರೇಜು, ಗುತ್ತಿಗೆ, ಕೊಲ್ಲಿಯ ದುಡಿಮೆ. ಆ ಹಣ ಎಲ್ಲಿಗೆ ಹರಿಯುತ್ತಿದೆ? ಶಾದಿ ಮಹಲಿನಲ್ಲಿ ಒಂದು ರಾತ್ರಿಯ ದೀಪಾಲಂಕಾರಕ್ಕೆ, ಮೂರು ಬಗೆಯ ಬಿರಿಯಾನಿಗೆ, ಜೋಡೆ ಕೀ ರಕಂ ಎಂಬ ಮರ್ಯಾದೆಯ ಹೆಸರಿನ ವರದಕ್ಷಿಣೆಗೆ. ಮಹರ್ ಕೊಡಬೇಕಾದ ಗಂಡು ಕೈ ಚಾಚುತ್ತಾನೆ, ಬಡ ತಂದೆ ಬಡ್ಡಿಯ ಸಾಲ ತಂದು ಆ ಕೈ ತುಂಬುತ್ತಾನೆ. ಬಡ್ಡಿಯನ್ನು ಹರಾಮ್ ಎಂದು ಖುತ್ಬಾದಲ್ಲಿ ಕೇಳಿದವರೇ ಆ ಮದುವೆಯ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರುತ್ತೇವೆ. ದೇವಡಿಯ ನವಾಬರನ್ನು ಟೀಕಿಸುವ ನೈತಿಕ ಹಕ್ಕು ಆಗ ನಮಗೆ ಉಳಿಯುತ್ತದೆಯೇ?

ಪವಿತ್ರ ಕುರ್‌ಆನ್ ಸಂಪತ್ತನ್ನು ಕೆಟ್ಟದ್ದೆಂದು ಹೇಳಿಲ್ಲ. ಅದು ಉಳ್ಳವರ ನಡುವೆಯೇ ಸುತ್ತುತ್ತಿರಬಾರದು ಎಂಬ ತತ್ವವನ್ನು ಅಲ್‌ಹಶ್ರ್ ಅಧ್ಯಾಯದಲ್ಲಿ ಮುಂದಿಟ್ಟಿದೆ. ಅದಕ್ಕಾಗಿ ವ್ಯವಸ್ಥೆಯನ್ನೂ ಕೊಟ್ಟಿದೆ. ರಮಝಾನಿನಲ್ಲಿ ಶೇಕಡಾ ಎರಡೂವರೆಯ ಝಕಾತ್ ಲೆಕ್ಕ ಹಾಕುವವರು ನಮ್ಮಲ್ಲಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಬೆಳೆಯ ಮೇಲಿನ ಉಶ್ರ್ ಅನ್ನು ನೆನಪಿಟ್ಟವರೆಷ್ಟು? ಮಳೆಯಿಂದ ಬೆಳೆದದ್ದರಲ್ಲಿ ಹತ್ತರಲ್ಲೊಂದು, ದುಡ್ಡು ದುಡಿಮೆ ವ್ಯಯಿಸಿ ನೀರುಣಿಸಿ ಬೆಳೆದದ್ದರಲ್ಲಿ ಇಪ್ಪತ್ತರಲ್ಲೊಂದು ಎಂಬುದು ಪ್ರವಾದಿ(ಸ) ಕಲಿಸಿದ ಲೆಕ್ಕ. ಕಾಲುವೆಯ ನೀರಿಗೆ ಯಾವುದು ಅನ್ವಯ ಎಂದು ರೈತರು ಉಲಮಾಗಳಲ್ಲಿ ವಿಚಾರಿಸಲಿ. ಗಂಗಾವತಿಯ ಗದ್ದೆಗಳ ಮುಸ್ಲಿಮ್ ರೈತರು ಪ್ರತಿ ಸುಗ್ಗಿಯಲ್ಲೂ ಈ ಪಾಲನ್ನು ತೆಗೆದಿಟ್ಟರೆ, ಕುಷ್ಟಗಿಯಿಂದ ಗುಳೆ ಹೋದವರ ಮನೆಯ ಒಲೆ ಉರಿಯದೇ? ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ಗೋಡೆಗೆ ತೂಗು ಹಾಕುವ ಮಾಲಕನು ತನ್ನ ಗಿರಣಿಯ ಹಮಾಲನ ಕೂಲಿ ಯಾವಾಗ ಪಾವತಿಯಾಗುತ್ತದೆಂದು ಒಮ್ಮೆ ನೋಡಬಾರದೇ?

ಜಮಾಅತ್‌ಗಳು ಮಾಡಬಹುದಾದ ಕೆಲಸಗಳು ಕಷ್ಟದವೇನಲ್ಲ. ಗಂಡಿನ ಕಡೆಯವರು ಹಣ ಕೇಳಿದ ನಿಕಾಹ್ ನಡೆಸಿಕೊಡುವುದಿಲ್ಲವೆಂದು ನಾಲ್ಕೂ ಪಟ್ಟಣಗಳ ಮಸೀದಿ ಕಮಿಟಿಗಳು ಒಟ್ಟಾಗಿ ತೀರ್ಮಾನಿಸಲಿ. ಝಕಾತ್ ಮತ್ತು ಉಶ್ರನ್ನು ಚಿಲ್ಲರೆಯಾಗಿ ಹಂಚುವ ಬದಲು ಒಟ್ಟುಗೂಡಿಸಲಿ. ಎಸೆಸೆಲ್ಸಿ ಮುಗಿಸಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳ ಪಟ್ಟಿ ಮಾಡಿ ಅವರನ್ನು ಕಾಲೇಜಿಗೆ ಕಳುಹಿಸಲಿ. 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯ ಮೂಲಕ ಸಂವಿಧಾನ ಸೇರಿದ 371 ಜೆ ವಿಧಿ ಈ ಭಾಗದ ಎಲ್ಲ ಮಕ್ಕಳಿಗೂ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು ಪಾಲು ಕೊಟ್ಟಿದೆ. ಅರ್ಹತಾ ಪ್ರಮಾಣಪತ್ರ ಮಾಡಿಸಿಕೊಳ್ಳದೆ ಆ ಪಾಲನ್ನು ಕಳಕೊಳ್ಳುವ ಮಕ್ಕಳಿಗೆ ಮಸೀದಿಯ ಅಂಗಳದಲ್ಲೇ ನೆರವು ಸಿಗಲಿ, ನೆರೆಯ ದಲಿತ ಕೇರಿಯ ಮಕ್ಕಳಿಗೂ ಸಿಗಲಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟಿನ ಸರಪಳಿ ತುಂಡಾದಾಗ ನಾಲ್ಕು ಜಿಲ್ಲೆಗಳ ರೈತರು ನಿದ್ದೆಗೆಟ್ಟರು. ತುಂಬಿದ ಜಲಾಶಯವನ್ನು ಹಿಡಿದಿಟ್ಟಿದ್ದದ್ದು ಯಾರೂ ನೋಡದ ಒಂದು ಹಳೆಯ ಸರಪಳಿ ಎಂಬುದು ಅಂದು ತಿಳಿಯಿತು. ಸಮಾಜದ ಸಂಪತ್ತನ್ನು ಹಿಡಿದಿಡುವ ಸರಪಳಿ ನ್ಯಾಯ. ಉಸ್ಮಾನ್ ಅಲಿ ಖಾನರ ರಾಜ್ಯದಲ್ಲಿ ಅದು ತುಕ್ಕು ಹಿಡಿದಿತ್ತು, 1948ರಲ್ಲಿ ತುಂಡಾಯಿತು, ಕೊಚ್ಚಿಹೋದವರು ಬಡವರು. ಮುಂದಿನ ಸೆಪ್ಟೆಂಬರ್ 17ರಂದು ವೇದಿಕೆಯ ಭಾಷಣಕ್ಕೆ ಉತ್ತರ ಹುಡುಕುವ ಮುನ್ನ, ನಮ್ಮ ಕಾಲುವೆಯ ಕೊನೆ ಭಾಗದಲ್ಲಿ ಯಾರಿದ್ದಾರೆ, ಅವರ ಹೊಲಕ್ಕೆ ನೀರು ಮುಟ್ಟಿದೆಯೇ ಎಂದು ನಾವೇ ನಡೆದು ಹೋಗಿ ನೋಡಿ ಬರೋಣ.